ಬೇಟೆಗಾರನೂ ಪುಳಿಚಾರೂ

ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಮನೆಯಂಗಳದಿಂದ ಒಂದು ಗುಂಡು ಹಾರಿಸುತ್ತಾರೆ. ಮನೆಯಲ್ಲಿ ಸಾವಾದರೆ ಎರಡು. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗದ್ದೆ, ತೋಟ, ಗುಡ್ಡಗಳಿರುವ ಆ ನಾಡಿನಲ್ಲಿ ಸುದ್ದಿ ಮುಟ್ಟಿಸುವುದಕ್ಕೆ ಹಿಂದೆ ಅದಕ್ಕಿಂತ ವೇಗದ ದಾರಿ ಇರಲಿಲ್ಲ. ಈಗ ಎಲ್ಲರ ಜೇಬಿನಲ್ಲೂ ಫೋನಿದ್ದರೂ ಪದ್ಧತಿ ಉಳಿದುಕೊಂಡಿದೆ. ಕಳೆದ ಮಳೆಗಾಲದಲ್ಲಿ ನನ್ನ ಗೆಳೆಯ ತೀರಿಕೊಂಡಾಗಲೂ ಅವನ ಅಂಗಳದಿಂದ ಗುಂಡು ಹಾರಿತು. ಮೊದಲನೆಯದು ಸರಿಯಾಗಿ ಸಿಡಿಯಿತಂತೆ, ಎರಡನೆಯ ತೋಟಾ ತೇವ ಹಿಡಿದಿದ್ದರಿಂದ ಬರೀ ಟಿಕ್ ಎಂದು ಸುಮ್ಮನಾಯಿತಂತೆ. ಬೇರೆ ತೋಟಾ ತಂದು ತುಂಬಿ ಹಾರಿಸುವಷ್ಟರಲ್ಲಿ ಐದಾರು ನಿಮಿಷ ಕಳೆದು, ಕೆಳಗಿನ ಮನೆಯವರು ಯಾರಿಗೋ ಗಂಡುಮಗುವಾಗಿದೆ ಎಂದುಕೊಂಡು ಕುಳಿತಿದ್ದರೆಂದು ನೆರೆಯವರೊಬ್ಬರು ಆಮೇಲೆ ನನಗೆ ಹೇಳಿದರು. ತೋಟಾಗಳನ್ನು ತಗಡಿನ ಡಬ್ಬದಲ್ಲಿ ಹಾಕಿ, ಮುಚ್ಚಳದ ಸುತ್ತ ಮೇಣ ಹಚ್ಚಿ ಇಡುತ್ತಿದ್ದ ಮನುಷ್ಯನ ಮನೆಯಲ್ಲಿ ಹೀಗಾಯಿತಲ್ಲ ಎಂದು, ಅಳಬೇಕಾದ ಹೊತ್ತಿನಲ್ಲಿ ನನಗೆ ನಗು ಬಂತು.

ನಾವಿಬ್ಬರೂ ಪರಿಚಯವಾದದ್ದು 1966ರಲ್ಲಿ, ಮೈಸೂರಿನ ಕಾಲೇಜು ಹಾಸ್ಟೆಲ್ಲಿನಲ್ಲಿ. ನಾನು ಶೃಂಗೇರಿ ಕಡೆಯ ಅಡಿಕೆ ತೋಟದ ಮನೆಯವನು, ಈರುಳ್ಳಿಯನ್ನೂ ಅನುಮಾನದಿಂದ ನೋಡುತ್ತಿದ್ದ ಅಡುಗೆಮನೆಯಿಂದ ಬಂದವನು. ಅವನು ದಕ್ಷಿಣ ಕೊಡಗಿನ ಕಾಫಿ ತೋಟದವನು. ಟ್ರಂಕಿನಲ್ಲಿ ಬಟ್ಟೆಗಿಂತ ಮೊದಲು, ಮಾಂಸದಡುಗೆಗೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿಯ ಬಾಟಲಿ ಇಟ್ಟುಕೊಂಡು ಬಂದಿದ್ದ. ಮಾಂಸ ಮುಟ್ಟದವನೆಂದು ಗೇಲಿ ಮಾಡಿ ಮೊದಲ ವಾರವೇ ನನಗೆ ‘ಪುಳಿಚಾರು’ ಎಂದು ಹೆಸರಿಟ್ಟ. ನಾವು ಅಜ್ಜಂದಿರಾದ ಮೇಲೂ ಅವನು ಫೋನೆತ್ತಿದರೆ ‘ಏನೋ ಪುಳಿಚಾರು’ ಎಂದೇ ಮಾತು ಶುರು ಮಾಡುತ್ತಿದ್ದ. ಒಂದು ಪ್ರಾಣಿಯನ್ನೂ ಕೊಲ್ಲದವನೂ, ಕೊಲ್ಲುವುದನ್ನು ಬದುಕಿನ ದೊಡ್ಡ ಸುಖವೆಂದು ತಿಳಿದವನೂ ಇಷ್ಟು ದೀರ್ಘಕಾಲ ಗೆಳೆಯರಾಗಿ ಉಳಿದದ್ದು ಹೇಗೆಂದು ಹಲವರು ಕೇಳಿದ್ದಾರೆ. ಜಗಳವಾಡುವುದಕ್ಕೆ ನಮಗೆ ಒಂದು ಒಳ್ಳೆಯ ವಿಷಯ ಸಿಕ್ಕಿತ್ತು, ಅದು ಕೊನೆಯವರೆಗೂ ಮುಗಿಯಲಿಲ್ಲ ಎನ್ನುವುದೇ ನನಗೆ ತೋಚುವ ಕಾರಣ.

ಅವನ ಮನೆಗೆ ನಾನು ಮೊದಲ ಸಲ ಹೋದದ್ದು ಕೈಲ್ ಪೊಳ್ದ್ ಹಬ್ಬಕ್ಕೆ. ಗದ್ದೆಯಲ್ಲಿ ನಾಟಿ ಮುಗಿದು ಕೈ ಬಿಡುವಾಗುವ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಆಯುಧಗಳ ಹಬ್ಬ ಅದು. ಅವರ ಕುಲದ ಮೂಲಮನೆಯಾದ ಐನ್‌ಮನೆಯ ನಡುಕೋಣೆ ನೆಲ್ಲಕ್ಕಿ ನಡುಬಾಡೆಯಲ್ಲಿ, ತೂಗುದೀಪದ ಕೆಳಗೆ, ಕೋವಿಗಳನ್ನೂ ಒಡಿಕತ್ತಿಯನ್ನೂ ಪೀಚೆಕತ್ತಿಯನ್ನೂ ಸಾಲಾಗಿ ಇಟ್ಟಿದ್ದರು. ಒಂದೊಂದು ಕೋವಿಯ ನಳಿಗೆಗೂ ತೋಕ್ ಪೂ ಸಿಕ್ಕಿಸಿದ್ದರು. ಕೆಂಪು ಹಳದಿ ದಳಗಳು ಬೆಂಕಿಯ ನಾಲಗೆಯ ಹಾಗೆ ಮೇಲಕ್ಕೆ ಚಾಚಿಕೊಂಡಿರುವ ಆ ಹೂವನ್ನು ನಮ್ಮ ಕಡೆ ಗೌರಿ ಹೂವೆಂದು ಗೌರಿಹಬ್ಬಕ್ಕೆ ಏರಿಸುತ್ತೇವೆ. ನಮ್ಮ ಮನೆಯಲ್ಲಿ ದೇವಿಯ ಮುಡಿಗೆ ಹೋಗುವ ಹೂವು ಇಲ್ಲಿ ಬಂದೂಕಿನ ಬಾಯಿಯಲ್ಲಿ ಇರುವುದನ್ನು ಕಂಡು ನಾನು ಬೆಪ್ಪಾಗಿ ನಿಂತಿದ್ದೆ. ಹಿರಿಯರು ಬಂದು, ಗಂಧ ಹಚ್ಚಿ, ಮುಟ್ಟಿ ನಮಸ್ಕರಿಸಿದ ಮೇಲೆಯೇ ಕಿರಿಯರು ಕೋವಿಗೆ ಕೈಹಾಕಿದ್ದು. ಊಟಕ್ಕೆ ಎಲ್ಲರಿಗೂ ಅಕ್ಕಿತರಿಯ ಉಂಡೆ ಕಡಂಬುಟ್ಟು, ಹಂದಿಮಾಂಸದ ಪಂದಿಕರಿ. ನನಗೊಬ್ಬನಿಗೆ ಕಡಂಬುಟ್ಟು, ಜೇನುತುಪ್ಪ, ಕಣಿಲೆ ಪಲ್ಯ. ಪಲ್ಯವನ್ನು ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನಲ್ಲಿ ಮಾಡಿದ್ದೇನೆಂದು ಅವನ ತಾಯಿ ಮೂರು ಸಲ ಹೇಳಿದರು.

ಆ ದಿನ ಸಂಜೆ ಅವನು ಕೋವಿ ಬಿಚ್ಚಿ ಒರೆಸುವುದನ್ನು ನೋಡಿದೆ. ಅಜ್ಜನ ಕಾಲದ, ಜೋಡು ನಳಿಗೆಯ 12 ಬೋರಿನ ತೋಟಾಕೋವಿ. ಚಾಪೆಯ ಮೇಲೆ ಹಳೆಯ ಪಂಚೆ ಹಾಸಿ, ಮೊದಲು ಕೋವಿ ಮುರಿದು, ಅಂದರೆ ನಳಿಗೆಯನ್ನು ಕೀಲಿನಲ್ಲಿ ಬಗ್ಗಿಸಿ ತೆರೆದು, ಒಳಗೆ ತೋಟಾ ಇಲ್ಲವೆಂದು ಕಣ್ಣಿನಿಂದ ನೋಡಿದ. ನೋಡಿದ್ದು ಸಾಲದೆಂಬಂತೆ ಕಿರುಬೆರಳನ್ನೂ ತೂರಿಸಿ ನೋಡಿದ. ಮುಂದಿನ ಹಿಡಿಯ ಮರ ಕಳಚಿ, ನಳಿಗೆಯನ್ನು ಬೇರ್ಪಡಿಸಿ, ನಳಿಗೆ ಒರೆಸುವ ಮೂರು ತುಂಡಿನ ಗಜವನ್ನು ತಿರುಚಿ ಜೋಡಿಸಿದ. ಒಣ ಬಟ್ಟೆ ಒಂದು ಸಲ, ಸೀಮೆಎಣ್ಣೆಯದು ಒಂದು ಸಲ, ಮತ್ತೆ ಒಣ ಬಟ್ಟೆ, ಕೊನೆಗೆ ಬೆರಳಿಗೂ ಅಂಟದಷ್ಟು ತೆಳ್ಳಗೆ ಹೊಲಿಗೆ ಯಂತ್ರದ ಎಣ್ಣೆ. ಆಮೇಲೆ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಕರೆದು ಒಳಗೆ ನೋಡೆಂದ. ಬೆಳಕು ಬಳೆಬಳೆಯಾಗಿ ಒಂದರೊಳಗೊಂದು ಕುಳಿತಿತ್ತು. ಎಲ್ಲಾದರೂ ಬಳೆ ಸೊಟ್ಟಗಾಗಿ ಕಂಡರೆ ಅಲ್ಲಿ ನಳಿಗೆ ನೆಗ್ಗಿದೆ ಎಂದು ಅರ್ಥವಂತೆ. ಬಲ ನಳಿಗೆ ಚರೆಯನ್ನು ಹರಡಿ ಹೊಡೆಯುತ್ತದೆ, ಎಡದ್ದು ಬಾಯಲ್ಲಿ ಕೊಂಚ ಕಿರಿದಾಗಿರುವುದರಿಂದ ಒತ್ತಾಗಿ ದೂರ ಹೊಡೆಯುತ್ತದೆ, ಅದಕ್ಕೇ ಎರಡು ಕುದುರೆ, ಅಂದರೆ ಟ್ರಿಗರ್, ಎಂದು ವಿವರಿಸಿದ. ಒಂದು ಪೌಂಡು ಸೀಸದಿಂದ ಒಂದೇ ಅಳತೆಯ ಹನ್ನೆರಡು ಗುಂಡು ಮಾಡಿದರೆ ಅದರಲ್ಲೊಂದು ಸರಿಯಾಗಿ ಹಿಡಿಸುವ ನಳಿಗೆ 12 ಬೋರು, ಹದಿನಾರು ಮಾಡಿದರೆ 16 ಬೋರು, ಆದ್ದರಿಂದ ಅಂಕಿ ದೊಡ್ಡದಾದಷ್ಟೂ ಕೋವಿಯ ಬಾಯಿ ಸಣ್ಣದಾಗುತ್ತದೆ ಎಂಬ ಪಾಠವೂ ಆ ಹೊತ್ತಿಗೇ ಆಯಿತು. ಕಾಲೇಜಿನ ಯಾವ ಲೆಕ್ಕವನ್ನೂ ಅವನು ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಕಂಡಿರಲಿಲ್ಲ.

ಕೋವಿಯ ವಿಷಯದಲ್ಲಿ ಅವನು ಮಡಿವಂತ. ಬೇಲಿ ದಾಟುವಾಗ, ತೊರೆ ದಾಟುವಾಗ, ಜೀಪು ಹತ್ತುವಾಗ ಕೋವಿ ಮುರಿದಿರಬೇಕು, ತೋಟಾ ಜೇಬಿನಲ್ಲಿರಬೇಕು. ತುಂಬಿದ್ದಾಗಲಿ ಬರಿದಾಗಲಿ, ನಳಿಗೆ ಮನುಷ್ಯನ ಕಡೆ ತಿರುಗಬಾರದು. ಹಳು ಅಲ್ಲಾಡಿದ್ದನ್ನು ಕಂಡು ಈಡು ಹಾರಿಸುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಹಂದಿಯೆಂದು ತಿಳಿದು ಜೊತೆಯವನಿಗೇ ಗುಂಡು ಹೊಡೆದ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಇಂದಿಗೂ ಆಗಾಗ ಬರುತ್ತದೆ. ಅಂಥದ್ದನ್ನು ಓದಿದ ದಿನ ನನಗೆ ಅವನ ಫೋನು ಬಂದೇ ಬರುತ್ತಿತ್ತು. ‘ಸದ್ದಿಗೆ ಹೊಡೀಬಾರದು, ನೆರಳಿಗೆ ಹೊಡೀಬಾರದು, ಪೂರ್ತಿ ಕಂಡಮೇಲೇ ಕೈ ಕುದುರೆಗೆ ಹೋಗಬೇಕು. ಇಷ್ಟು ತಿಳಿಯದವನಿಗೆ ಯಾವ ಪುಣ್ಯಾತ್ಮ ಕೋವಿ ಕೊಟ್ಟ ಮಾರಾಯ’ ಎಂದು ಅರ್ಧ ಗಂಟೆ ಬೈಯುತ್ತಿದ್ದ, ಹೊಡೆದವನು ನಾನೇ ಏನೋ ಎನ್ನುವಂತೆ.

ಕಾಡಿಗೆ ಅವನೊಂದಿಗೆ ನಾನು ಹೋದದ್ದುಂಟು, ಕೋವಿಯಿಲ್ಲದೆ, ಹಿಂದಿನವನಾಗಿ. ಮುಂದೆ ನಡೆಯುತ್ತಿದ್ದುದು ಅವರ ತೋಟದ ಅಂಚಿನ ಹಾಡಿಯ, ಅಂದರೆ ಕಾಡುವಾಸಿಗಳ ಕೇರಿಯ, ಒಬ್ಬ ಜೇನುಕುರುಬ ಅಜ್ಜ. ನನ್ನ ಗೆಳೆಯನಿಗೆ ಬೇಟೆ ಕಲಿಸಿದ್ದು ಮನೆಯ ಹಿರಿಯರೆಂದು ಎಲ್ಲರೂ ತಿಳಿದಿದ್ದರು. ಮನೆಯವರು ಕಲಿಸಿದ್ದು ಗುರಿ ಮಾತ್ರ, ಕಾಡನ್ನು ಕಲಿಸಿದ್ದು ಆ ಅಜ್ಜ ಎಂದು ಅವನೇ ಹೇಳುತ್ತಿದ್ದ. ಕಡವೆಯ ಹಿಕ್ಕೆ ಕಂಡರೆ ಅಜ್ಜ ನಿಂತು, ಅದರ ಮೇಲಿನ ಹೊಳಪು ಆರಿದೆಯೋ ಇಲ್ಲವೋ ನೋಡಿ, ನೊಣ ಕುಳಿತಿದೆಯೇ ಗಮನಿಸಿ, ಕಡ್ಡಿಯಿಂದ ಮುರಿದು ನೋಡಿ, ಪ್ರಾಣಿ ಬೆಳಗಿನ ಜಾವ ಹೋದದ್ದೇ ಈಗಷ್ಟೇ ಹೋದದ್ದೇ ಎಂದು ತೀರ್ಮಾನಿಸುತ್ತಿದ್ದರು. ನೆಲ್ಲಿಮರದ ಕೆಳಗೆ ಕಾಯಿ ಉದುರುವ ದಿನಗಳಲ್ಲಿ ಜಿಂಕೆ ಕಡವೆಗಳು ಎಲ್ಲಿ ಮೇಯುತ್ತವೆ, ಮಂಗ ಕೂಗಿದರೆ ಯಾವ ಕಡೆ ನೋಡಬೇಕು, ಕಾಡುಕುರಿ ನಾಯಿಯ ಹಾಗೆ ಒಂದೇ ಸಮನೆ ಬೊಗಳಿದರೆ ಏನರ್ಥ, ಇವೆಲ್ಲ ನನಗೂ ಅಷ್ಟಿಷ್ಟು ತಿಳಿದದ್ದು ಅವರಿಬ್ಬರ ಹಿಂದೆ ನಡೆದು. ಗೆಳೆಯ ಹಿಡಿ ಬೂದಿಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿಕೊಂಡಿರುತ್ತಿದ್ದ. ಚೀಲ ತಟ್ಟಿದರೆ ಬೂದಿ ಎತ್ತ ತೇಲುತ್ತದೋ ಅತ್ತ ಗಾಳಿ. ಗಾಳಿ ನಮ್ಮಿಂದ ಪ್ರಾಣಿಯ ಕಡೆ ಹೋಗುತ್ತಿದ್ದರೆ ಅವನು ಬಂದ ದಾರಿಯಲ್ಲೇ ಹಿಂದಿರುಗಿ, ಎರಡು ಮೈಲಿ ಸುತ್ತು ಹಾಕಿ ಇನ್ನೊಂದು ಬದಿಯಿಂದ ಬರುತ್ತಿದ್ದ.

ಅವನು ಹೊಡೆದದ್ದನ್ನೂ ನಾನು ನೋಡಿದ್ದೇನೆ. ಅದನ್ನು ಬಿಟ್ಟು ಬರೆದರೆ ಈ ನೆನಪು ಪೂರ್ತಿಯಾಗದು. ನಾಯಿಗಳು ಹಳು ನುಗ್ಗಿ, ಪ್ರಾಣಿಯನ್ನು ಎಬ್ಬಿಸಿ ಓಡಿಸುವ ಸೋಹಿನವರು ಕೂಗುತ್ತ ಬಂದು, ಪ್ರಾಣಿ ಹಾಯುವ ಕಂಡಿಯಲ್ಲಿ ನಿಂತಿದ್ದ ಅವನ ಮುಂದೆ ಒಂದು ಒಂಟಿ ಹಂದಿ ಹೊರಬಿತ್ತು. ಒಂದೇ ಈಡು. ಹಂದಿ ಅದೇ ಓಟದಲ್ಲಿ ಮುಂದೆ ಹೋಗಿ, ಮುಂಗಾಲು ಮಡಿಸಿ, ಮೂತಿ ನೆಲಕ್ಕೂರಿ ಬಿತ್ತು. ಅವನು ಓಡಿ ಹೋಗಲಿಲ್ಲ. ಎರಡನೆಯ ನಳಿಗೆಯನ್ನು ಸಿದ್ಧವಿಟ್ಟುಕೊಂಡು, ಬೆನ್ನ ಕಡೆಯಿಂದ ಬಂದು, ಉದ್ದನೆಯ ಕೋಲಿನ ತುದಿಯಿಂದ ಕಣ್ಣನ್ನು ಮುಟ್ಟಿ, ರೆಪ್ಪೆ ಮಿಟುಕದ್ದನ್ನು ಕಂಡ ಮೇಲೆ ಕೋವಿ ಮುರಿದ. ಆಗಲೇ ಕಣ್ಣಿನ ಅಂಚಿಗೆ ನೊಣ ಬಂದಿತ್ತು. ಅವನ ಮುಖದಲ್ಲಿ ಇದ್ದದ್ದು ಗೆದ್ದ ಹೆಮ್ಮೆಯೂ ಅಲ್ಲ, ಮರುಕವೂ ಅಲ್ಲ. ಕೆಲಸ ಕೆಡಲಿಲ್ಲವಲ್ಲ ಎಂಬ ಸಮಾಧಾನ. ನನಗೆ ಹೊಟ್ಟೆ ತೊಳಸಿತು. ಬೇಟೆಗಾರನಿಗೆ ಪ್ರಾಣಿಯ ಮೇಲೆ ಪ್ರೀತಿಯಿರುತ್ತದೆ ಎಂಬ ಮಾತನ್ನು ಹಲವರ ಬಾಯಲ್ಲಿ ಕೇಳಿದ್ದೇನೆ. ಅವನು ಒಂದು ದಿನವೂ ಹಾಗೆ ಹೇಳಿಕೊಳ್ಳಲಿಲ್ಲ, ಅದಕ್ಕಾಗಿ ನನಗೆ ಅವನ ಮೇಲೆ ಗೌರವವಿದೆ. ಆದರೆ ಗಾಯಗೊಂಡ ಪ್ರಾಣಿಯನ್ನು ಬಿಟ್ಟು ಬರುವವರ ಜೊತೆ ಅವನು ಮತ್ತೆ ಕಾಡಿಗೆ ಹೋಗುತ್ತಿರಲಿಲ್ಲ. ಯಾರೋ ನೆಂಟರು ಹೊಡೆದು ತಪ್ಪಿಸಿಕೊಂಡ ಹಂದಿಯೊಂದನ್ನು ಹುಡುಕುತ್ತ ಅವನೂ ಅಜ್ಜನೂ ರಾತ್ರಿಯಿಡೀ ಟಾರ್ಚು ಹಿಡಿದು ತೊರೆಯ ಪೊದೆಗಳಲ್ಲಿ ತಿರುಗಿ, ಬೆಳಿಗ್ಗೆ ಅದನ್ನು ಮುಗಿಸಿ ಬಂದದ್ದುಂಟು. ಹೊಡೆದ ನೆಂಟರು ಅಷ್ಟು ಹೊತ್ತಿಗೆ ಮನೆಯಲ್ಲಿ ನಿದ್ದೆ ಮುಗಿಸಿ ಕಾಫಿ ಕುಡಿಯುತ್ತಿದ್ದರು.

1972ರ ಸೆಪ್ಟೆಂಬರಿನಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅದೇ ವರ್ಷದ ಗಣತಿಯಲ್ಲಿ ಇಡೀ ದೇಶದಲ್ಲಿ ಸಿಕ್ಕ ಹುಲಿಗಳ ಲೆಕ್ಕ 1,827. ಮರುವರ್ಷ ಹುಲಿ ಯೋಜನೆ ಶುರುವಾದಾಗ ಮೊದಲ ಪಟ್ಟಿಯಲ್ಲೇ ಬಂಡೀಪುರವಿತ್ತು. ಮಹಾರಾಜರು ಬೇಟೆಯಾಡುತ್ತಿದ್ದ ಕಾಡು ಅದು. ಮೊದಲ ಕಾಯ್ದೆಯಲ್ಲಿ ಪರವಾನಗಿ ಪಡೆದು ಕೆಲವು ಪ್ರಾಣಿಗಳನ್ನು ಬೇಟೆಯಾಡಲು ಎಡೆಯಿತ್ತು, 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ನನ್ನ ಗೆಳೆಯ ಪರವಾನಗಿ ಇದ್ದಷ್ಟು ದಿನ ಪರವಾನಗಿ ಹಿಡಿದು ಹೋದ, ನಿಂತ ಮೇಲೆ ನಿಲ್ಲಿಸಿದ. ಬೇಟೆಗಾರ ಕೊನೆಗೆ ಮನಸ್ಸು ತಿರುಗಿ ಕಾಡಿನ ರಕ್ಷಕನಾದ ಎಂಬ ಕಥೆ ಕೇಳಲು ಚೆನ್ನ, ಇವನ ವಿಷಯದಲ್ಲಿ ಅದು ನಡೆಯಲಿಲ್ಲ. ಅವನ ಮನಸ್ಸು ತಿರುಗಲಿಲ್ಲ. ನಾಳೆ ಬೆಳಿಗ್ಗೆ ಕಾನೂನು ಬದಲಾದರೆ ಮಧ್ಯಾಹ್ನದೊಳಗೆ ನಾಯಿ ಹುಡುಕುತ್ತೇನೆ ಎಂದೇ ಹೇಳುತ್ತಿದ್ದ. ಆದರೂ ಕದ್ದು ಹೋಗಲಿಲ್ಲ. ರಾತ್ರಿ ಹಣೆಗೆ ಲೈಟು ಕಟ್ಟಿಕೊಂಡು ಕಣ್ಣು ಕೋರೈಸಿ ನಿಂತ ಮೊಲವನ್ನೋ ಕಾಡುಕುರಿಯನ್ನೋ ಹೊಡೆಯುವವರನ್ನು ಕಳ್ಳರೆಂದೇ ಕರೆದ.

ಕಾಯ್ದೆ ಸರಿಯಾದದ್ದೇ ಎಂದು ನಾನು, ಅದು ಬೆಂಗಳೂರು ದೆಹಲಿಯವರು ಮಾಡಿದ ಕಾಯ್ದೆ ಎಂದು ಅವನು. ಹುಲಿಯ ಲೆಕ್ಕ ನನ್ನ ಪಕ್ಷಕ್ಕಿತ್ತು: 2022ರ ಗಣತಿಯಲ್ಲಿ ಕರ್ನಾಟಕವೊಂದರಲ್ಲೇ 563. ಅವನ ಪಕ್ಷದಲ್ಲಿದ್ದ ಒಂದು ಮಾತಿಗೆ ಮಾತ್ರ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಕಾಡುಗಳು ಒಂದೊಂದಾಗಿ ರಾಷ್ಟ್ರೀಯ ಉದ್ಯಾನಗಳಾದಾಗ ತೋಟದ ಧಣಿ ಕಳೆದುಕೊಂಡದ್ದು ಭಾನುವಾರದ ಹವ್ಯಾಸ. ಹಾಡಿಯ ಜೇನುಕುರುಬ ಕಳೆದುಕೊಂಡದ್ದು ಊರು, ಜೇನು, ಗೆಡ್ಡೆಗೆಣಸು, ದೇವರ ಜಾಗ. ‘ನನ್ನ ಕೋವಿ ಗೋಡೆಗೆ ಹೋಯ್ತು ಅಷ್ಟೆ, ಅಜ್ಜನ ಮಕ್ಕಳು ನನ್ನ ತೋಟದ ಆಳುಗಳ ಲೈನುಮನೆಗೆ ಬಂದ್ರು. ನನಗೆ ಆಳು ಸಿಕ್ಕಿದ್ರು. ಇದರಲ್ಲಿ ನನಗೇನು ನಷ್ಟ ಹೇಳು’ ಎಂದು ಅವನು ಕೇಳಿದ್ದ. ಬೇಟೆ ನಿಂತದ್ದರ ಬಗ್ಗೆ ಗೊಣಗುವ ತೋಟದವರಲ್ಲಿ ಈ ಮಾತನ್ನು ಆಡಿದವನು ನನಗೆ ಗೊತ್ತಿದ್ದಂತೆ ಅವನೊಬ್ಬನೇ.

ಕೋವಿ ಮಾತ್ರ ಮನೆಯಲ್ಲೇ ಉಳಿಯಿತು. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಕ್ಕುದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ, 1861ರಿಂದ ನಡೆದು ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅದರ ವಿರುದ್ಧದ ಅರ್ಜಿಯನ್ನು ಹೈಕೋರ್ಟು 2021ರಲ್ಲಿ ತಳ್ಳಿಹಾಕಿತು. ಆ ತೀರ್ಪು ಬಂದ ದಿನ ಅವನು ನನಗೆ ಸಿಹಿ ಕಳಿಸಿದ್ದ. ಉಳಿದ ಕರ್ನಾಟಕದ ರೈತ ಹಂದಿ ಕಾಯಲು ಒಂದು ಕೋವಿಗಾಗಿ ಕಚೇರಿ ಅಲೆಯುವಾಗ ನಿನಗೊಂದು ನ್ಯಾಯವೇ ಎಂದು ನಾನು ಕೆಣಕಿದರೆ, ಈ ವಿನಾಯಿತಿಯ ಕೋವಿಯಿಂದ ಊರಿನಲ್ಲಿ ಎಷ್ಟು ಅಪರಾಧವಾಗಿದೆ ತೋರಿಸು ಎನ್ನುತ್ತಿದ್ದ.

ಬೇಟೆ ನಿಂತ ಮೇಲೆ ಅವನ ಕೈಯ ತುರಿಕೆಯೆಲ್ಲ ಗುರಿಯ ಕಡೆ ತಿರುಗಿತು. ಕೈಲ್ ಪೊಳ್ದಿನ ಸಮಯದಲ್ಲಿ ಊರೂರಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಎತ್ತರದ ಮರದ ಕೊಂಬೆಗೆ ಕಟ್ಟಿದ ಕಾಯಿ ಕೆಳಗಿನಿಂದ ನೋಡಿದರೆ ನಿಂಬೆಹಣ್ಣಿನಷ್ಟು ಕಾಣುತ್ತದೆ. ಗಾಳಿಗೆ ಎಲೆ ಅಡ್ಡ ಬರುತ್ತದೆ, ಕಾಯಿಯೂ ತೂಗುತ್ತದೆ. ಅವನು ಕಾಯಿ ನಿಲ್ಲಲೆಂದು ಕಾಯುತ್ತಿರಲಿಲ್ಲ. ತೂಗಿನ ತುದಿಯಲ್ಲಿ, ಹಿಂದಿರುಗುವ ಮುಂಚಿನ ಕ್ಷಣದಲ್ಲಿ ಅದು ತಾನಾಗಿ ನಿಲ್ಲುತ್ತದೆ, ಆಗ ಹೊಡೆಯಬೇಕು ಎನ್ನುತ್ತಿದ್ದ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡ್, ಹಾರಿಬಿಟ್ಟ ಮಣ್ಣಿನ ತಟ್ಟೆಗಳಿಗೆ ಗುಂಡು ಹೊಡೆಯುವ ಡಬಲ್ ಟ್ರ್ಯಾಪ್‌ನಲ್ಲಿ ಬೆಳ್ಳಿ ಗೆದ್ದಾಗ ಅವನಿಗೆ ತನ್ನ 12 ಬೋರಿಗೇ ಪದಕ ಬಂದಷ್ಟು ಸಂತೋಷ. ನಾಲ್ಕು ವರ್ಷದ ಮೇಲೆ ಅಭಿನವ್ ಬಿಂದ್ರಾ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದಾಗ ಚಪ್ಪಾಳೆ ತಟ್ಟಿ, ‘ಹುಡುಗ ದೊಡ್ಡವನೇ, ಆದರೆ ಗುರಿ ಓಡೋದಿಲ್ಲವಲ್ಲ’ ಎಂದ. ಸಿಡಿಯುವ ಮಣ್ಣಿನ ತಟ್ಟೆಯನ್ನು ಅವನು ಮನಸ್ಸಿನಲ್ಲಿ ಕಾಡುಕೋಳಿಯೆಂದೇ ಎಣಿಸುತ್ತಿದ್ದನೆಂದು ನನ್ನ ಅನುಮಾನ.

ಮನೆಯ ಗೋಡೆಯ ಮೇಲೆ ಅಜ್ಜನ ಕಾಲದ ಕಡವೆಯ ಕೊಂಬುಗಳೂ, ಮೈಸೂರಿನ ವ್ಯಾನ್ ಇಂಗನ್ ಕಾರ್ಖಾನೆಯಲ್ಲಿ ಹದ ಮಾಡಿಸಿದ ಒಂದು ಚಿರತೆಯ ತಲೆಯೂ ಇದ್ದವು. ಸಾವಿರಾರು ಹುಲಿ ಚಿರತೆಗಳಿಗೆ ಗಾಜಿನ ಕಣ್ಣು ಕೂರಿಸಿದ ಆ ಕಾರ್ಖಾನೆ 1999ರಲ್ಲಿ ಮುಚ್ಚಿತು. ತಲೆಗೆ ಹಳೆಯ ಮಾಲೀಕತ್ವದ ಪತ್ರವಿತ್ತು; ಕೊಂಬುಗಳಲ್ಲಿ ಒಂದು ಜೋಡಿಗೆ ಯಾಕೋ ಇರಲಿಲ್ಲ. ಹುಲಿಯುಗುರಿನ ಲಾಕೆಟ್ಟಿನ ಗದ್ದಲವಾದ ಮೇಲೆ, 2024ರ ಮೊದಲ ತಿಂಗಳುಗಳಲ್ಲಿ, ಪತ್ರವಿಲ್ಲದ ಇಂಥ ವಸ್ತುಗಳನ್ನು ಒಪ್ಪಿಸಲು ರಾಜ್ಯ ಸರ್ಕಾರ ಒಂದು ಅವಕಾಶ ಕೊಟ್ಟಿತಷ್ಟೆ. ಆ ಜೋಡಿಯನ್ನು ಅವನು ಹಳೆಯ ಕಂಬಳಿಯಲ್ಲಿ ಸುತ್ತಿ ತಾನೇ ಕೊಂಡುಹೋಗಿ ಕೊಟ್ಟು, ರಸೀದಿ ಪಡೆದು ಬಂದ. ಬೇಸರವಾಯಿತೇ ಎಂದು ಕೇಳಿದೆ. ‘ಅಜ್ಜ ಹೊಡೆದದ್ದು, ನಾನು ಹೊಡೆದದ್ದಲ್ಲ. ನಂದಾಗಿದ್ರೆ ಬೇಸರ ಆಗ್ತಿತ್ತು’ ಎಂದ. ಗೋಡೆಯಲ್ಲಿ ಕೊಂಬಿದ್ದ ಜಾಗದ ಸುಣ್ಣ ಬಿಳಿಯಾಗಿ ಉಳಿದಿದೆ. ಮಗಳು ಅಲ್ಲಿ ಕ್ಯಾಲೆಂಡರ್ ತೂಗುಹಾಕಿದ್ದಾಳೆ.

ನಮ್ಮ ದೊಡ್ಡ ಜಗಳ ಮಾತ್ರ ಊಟದ ತಟ್ಟೆಯದ್ದು. ಕೊಲ್ಲುವುದೇ ತಪ್ಪೆಂದು ನಾನು ಹೇಳಿದಾಗಲೆಲ್ಲ ಅವನು ನನ್ನ ಕಾಫಿ ಲೋಟ ತೋರಿಸಿ, ಈ ಹಾಲಿನ ಗಂಡುಕರು ಎಲ್ಲಿಗೆ ಹೋಯಿತೆಂದು ವಿಚಾರಿಸಿದ್ದೀಯಾ ಎಂದು ಕೇಳುತ್ತಿದ್ದ. ನಿಮ್ಮ ತೋಟದಲ್ಲಿ ಮಂಗ ಓಡಿಸಲು ಗರ್ನಾಲು ಹೊಡೆಯುವವನು ಯಾರು, ಹಂದಿಗೆ ಉರುಳು ಇಟ್ಟ ಆಳಿನ ಕಡೆ ನೋಡದ ಹಾಗೆ ನಡೆದು ಹೋಗುವವನು ಯಾರು ಎಂದೂ ಸೇರಿಸುತ್ತಿದ್ದ. ನಾನು ಕರುವಿನ ಪ್ರಶ್ನೆಯನ್ನು ತಪ್ಪಿಸಿ ಹುಲಿಯ ಲೆಕ್ಕಕ್ಕೆ ಬರುತ್ತಿದ್ದೆ. ಅವನು ಹುಲಿಯ ಲೆಕ್ಕ ತಪ್ಪಿಸಿ, ರಾತ್ರಿ ಬೆಳಗಾಗುವುದರೊಳಗೆ ಹಂದಿ ಅಗೆದು ಹಾಕಿದ ಗದ್ದೆಗೆ ಬರುತ್ತಿದ್ದ. ಇಬ್ಬರಿಗೂ ಇನ್ನೊಬ್ಬನ ಮುಂದಿನ ಮಾತು ಬಾಯಿಪಾಠವಾಗಿತ್ತು.

ಈ ಎಲ್ಲ ವಾದವನ್ನೂ ಒಳಗಿನಿಂದ ಕೇಳುತ್ತಿದ್ದವರು ಅವನ ಹೆಂಡತಿ. ಅವರು ನಡುವೆ ಬಾಯಿ ಹಾಕಿದ್ದನ್ನು ನಾನು ಕಂಡಿರಲಿಲ್ಲ. ತಿಥಿ ಕಳೆದು ನೆಂಟರೆಲ್ಲ ಹೊರಟ ಮೇಲೆ, ಅವನ ಬೇಟೆಯ ದಿನಗಳ ಬಗ್ಗೆ ಬರೆಯಬೇಕೆಂದಿದ್ದೇನೆ, ನಿಮಗೆ ನೆನಪಿದ್ದದ್ದನ್ನು ಹೇಳಿ ಎಂದು ಕೇಳಿದೆ. ‘ನನಗೆ ನೆನಪಿರೋದು ಬೇರೆ ಅಣ್ಣ’ ಎಂದರು. ಮದುವೆಯಾದ ಮೊದಲ ವರ್ಷಗಳಲ್ಲಿ ಗಂಡಸರು ನಡುರಾತ್ರಿ ಹಂದಿ ಹೊತ್ತು ತಂದು ಅಂಗಳದಲ್ಲಿ ಹಾಕುತ್ತಿದ್ದರಂತೆ. ಹೊಡೆದವನಿಗೆ ಹೆಚ್ಚಿನ ಪಾಲು, ಸೋಹಿನವರಿಗೆ ಪಾಲು, ನಾಯಿಗಳಿಗೂ ಪಾಲು ಎಂದು ಹಂಚಿಕೊಂಡು, ಒಬ್ಬರಿಗೊಬ್ಬರು ಈಡಿನ ಕಥೆ ಹೇಳುತ್ತ ಕುಡಿದು ಮಲಗುತ್ತಿದ್ದರಂತೆ. ಆ ಮೇಲೆ ಒಲೆ ಹೊತ್ತಿಸಿ ಬಿಸಿನೀರು ಕಾಯಿಸುವುದು, ತುಂಡು ತೊಳೆಯುವುದು, ಅರಿಶಿನ ಉಪ್ಪು ಹಚ್ಚುವುದು, ಒಲೆಯ ಮೇಲಿನ ಅಟ್ಟಕ್ಕೆ ಹೊಗೆಗೆ ಕಟ್ಟುವುದು, ಅಂಗಳದ ರಕ್ತಕ್ಕೆ ಬೂದಿ ಹಾಕಿ ಗುಡಿಸುವುದು ಅತ್ತೆ ಸೊಸೆಯರ ಪಾಲು. ಅಷ್ಟರಲ್ಲಿ ಹಾಲು ಕರೆಯುವ ಹೊತ್ತಾಗುತ್ತಿತ್ತು.

‘ನೀವಿಬ್ರೂ ಹುಲಿಗೆ ಒಳ್ಳೇದಾಯ್ತೋ ಹಂದಿಗೆ ಒಳ್ಳೇದಾಯ್ತೋ ಅಂತ ಅಷ್ಟು ವರ್ಷ ಕೂಗಾಡಿದ್ರಿ. ಆ ಕಾಯ್ದೆ ಬಂದ್ಮೇಲೆ ನಾನು ರಾತ್ರಿ ನಿದ್ದೆ ಮಾಡಿದೆ. ಅದನ್ನೂ ಬರೀರಿ’ ಎಂದು ಹೇಳಿ, ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದರು.